ಹೊರದೇಶದಲ್ಲಿ ಲೈಸೆನ್ಸ್: ಓಡಿಸೋಕೆ ಬಂದರೆ ಸಾಲದು, ಬರುತ್ತೆ ಅಂತ ಕಾಣಬೇಕು

ಹತ್ತು ಹದಿನೈದು ವರ್ಷ ಕಾರು ಓಡಿಸಿದವರು ಹೊಸ ದೇಶಕ್ಕೆ ಹೋಗಿ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲ್ ಆಗುವುದನ್ನು ನಾನು ನೋಡುತ್ತಲೇ ಇರುತ್ತೇನೆ. ಬೇರೆ ದೇಶದಿಂದ ಬಂದು ನೆಲೆಸಿದವರನ್ನು ಟೆಸ್ಟಿಗೆ ತಯಾರು ಮಾಡುವುದೇ ನನ್ನ ಕೆಲಸ. ಮೊನ್ನೆ ಮೊನ್ನೆ ಸ್ಟೇರಿಂಗ್ ಹಿಡಿದ ಹುಡುಗರು ನಗುತ್ತಾ ಕಾರಿನಿಂದ ಇಳಿಯುತ್ತಾರೆ, ಅನುಭವಸ್ಥರು ಮುಖ ಸಣ್ಣಗೆ ಮಾಡಿಕೊಂಡು ಇಳಿಯುತ್ತಾರೆ. ಅವರಿಗೆ ಓಡಿಸೋಕೆ ಬರಲ್ಲ ಅಂತಲ್ಲ. ಬರುತ್ತೆ ಅನ್ನುವುದು ಎದುರಿಗೆ ಕೂತವರ ಕಣ್ಣಿಗೆ ಬೀಳಲಿಲ್ಲ, ಅಷ್ಟೇ. ಕಚೇರಿಯಲ್ಲಿ ಅನುಭವ ಕಾಗದದ ಮೇಲೆ ಕಾಣಬೇಕು, ರಸ್ತೆಯಲ್ಲಿ ಕತ್ತು ತಿರುಗಿಸುವುದರಲ್ಲಿ ಕಾಣಬೇಕು. ಎರಡೂ ಕಡೆ ಜನ ಎಡವುವ ಜಾಗಗಳು ಹೆಚ್ಚುಕಡಿಮೆ ಅವೇ.

ಮೊದಲು ಗಡುವಿನ ವಿಷಯ. "ನನ್ನ ಹತ್ತಿರ ಇಂಟರ್‌ನ್ಯಾಷನಲ್ ಲೈಸೆನ್ಸ್ ಇದೆ, ಇನ್ನೂ ಎಂಟು ತಿಂಗಳಿದೆ" ಅನ್ನುವವರು ತುಂಬಾ ಜನ. ಅದು ಲೈಸೆನ್ಸೇ ಅಲ್ಲ. ನಿಮ್ಮ ಮೂಲ ಲೈಸೆನ್ಸಿನಲ್ಲಿ ಏನಿದೆ ಅಂತ ಬೇರೆ ಭಾಷೆಗಳಲ್ಲಿ ಹೇಳುವ ಪುಟ್ಟ ಪುಸ್ತಕ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಅದನ್ನು ನಿಮ್ಮ ಲೈಸೆನ್ಸ್ ಕೊಟ್ಟ ದೇಶದಲ್ಲೇ ಮಾಡಿಸಬೇಕು, ಆನ್‌ಲೈನಿನಲ್ಲಿ ಐದು ನಿಮಿಷದಲ್ಲಿ ಕಳಿಸ್ತೀವಿ ಅನ್ನುವವರ ಕಾರ್ಡಿಗೆ ದುಡ್ಡು ಕೊಡಬೇಡಿ. ಇನ್ನೊಂದು ತೊಡಕಿದೆ. ಈ ಪುಸ್ತಕ 1949ರ ಜಿನೀವಾ ಒಪ್ಪಂದದ ಮಾದರಿಯಲ್ಲೂ ಬರುತ್ತದೆ, 1968ರ ವಿಯೆನ್ನಾ ಒಪ್ಪಂದದ ಮಾದರಿಯಲ್ಲೂ ಬರುತ್ತದೆ. ಮೊದಲನೆಯದು ಒಂದು ವರ್ಷಕ್ಕೆ, ಎರಡನೆಯದು ಮೂರು ವರ್ಷದವರೆಗೆ. ಜಪಾನ್ ಒಪ್ಪುವುದು 1949ರದ್ದನ್ನು ಮಾತ್ರ. 1968ರ ಪುಸ್ತಕ ಹಿಡಿದುಕೊಂಡು ಅಲ್ಲಿಗೆ ಹೋದವರು ಬಾಡಿಗೆ ಕಾರಿನ ಕೌಂಟರಿನಿಂದಲೇ ವಾಪಸ್ ಬರಬೇಕಾಗುತ್ತದೆ.

ಇದಕ್ಕಿಂತ ಮುಖ್ಯವಾದದ್ದು, ನೀವು ಆ ದೇಶದ ನಿವಾಸಿ ಆದ ದಿನದಿಂದ ಬೇರೆಯದೇ ಲೆಕ್ಕ ಶುರುವಾಗುತ್ತದೆ. ಪುಸ್ತಕದ ಮೇಲೆ ಯಾವ ತಾರೀಕಿದೆ ಅನ್ನುವುದು ಆ ಲೆಕ್ಕಕ್ಕೆ ಬರುವುದಿಲ್ಲ. ಜರ್ಮನಿಯಲ್ಲಿ ಯುರೋಪಿನ ಹೊರಗಿನ ಲೈಸೆನ್ಸ್ ಇಟ್ಟುಕೊಂಡು ಓಡಿಸಲು ಆರು ತಿಂಗಳು. ಬ್ರಿಟನ್‌ನಲ್ಲಿ 12 ತಿಂಗಳು. ಕೆನಡಾದ ಒಂಟಾರಿಯೊದಲ್ಲಿ 60 ದಿನ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ಟೆಕ್ಸಸ್‌ನಲ್ಲಿ 90 ದಿನ, ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಯಾದ ಹತ್ತೇ ದಿನ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ತಾತ್ಕಾಲಿಕ ವೀಸಾದವರಿಗೂ 2023ರಿಂದ ಆರು ತಿಂಗಳ ಗಡುವು ಬಂದಿದೆ, ಅದಕ್ಕೂ ಮೊದಲು ವರ್ಷಗಟ್ಟಲೆ ಊರಿನ ಲೈಸೆನ್ಸಿನಲ್ಲೇ ಓಡಿಸಿದ ಹಳಬರ ಮಾತು ಕೇಳಿ ಸುಮ್ಮನಿರುವವರು ಇವತ್ತಿಗೂ ಇದ್ದಾರೆ. ರಜೆಗೆ ಊರಿಗೆ ಹೋಗಿ ಬಂದರೆ ಲೆಕ್ಕ ಹೊಸದಾಗಿ ಶುರುವಾಗುತ್ತೆ ಅನ್ನುವ ನಂಬಿಕೆಯೂ ಇದೆ. ಜಪಾನಿನಲ್ಲಿ ನಿವಾಸಿಯೊಬ್ಬರು ಹೊರಗೆ ಹೋಗಿ ಮೂರು ತಿಂಗಳೊಳಗೆ ವಾಪಸ್ ಬಂದರೆ ಹಳೆಯ ಲೆಕ್ಕವೇ ಮುಂದುವರಿಯುತ್ತದೆ. ಗಡುವು ದಾಟಿದ ಮೇಲೆ ಓಡಿಸಿದರೆ ಲೈಸೆನ್ಸ್ ಇಲ್ಲದೆ ಓಡಿಸಿದ ಹಾಗೆ. ಅಪಘಾತವೇನಾದರೂ ಆದರೆ ಇನ್ಶೂರೆನ್ಸ್‌ನವರು ಮೊದಲು ನೋಡುವುದೇ ಇದನ್ನು.

ಇನ್ನು ನಿಮ್ಮ ಲೈಸೆನ್ಸನ್ನು ಟೆಸ್ಟ್ ಇಲ್ಲದೆ ಬದಲಾಯಿಸಿಕೊಡುತ್ತಾರಾ ಅನ್ನುವುದು. ಹೆಚ್ಚಿನ ದೇಶಗಳು ಇದಕ್ಕೊಂದು ಪಟ್ಟಿ ಇಟ್ಟುಕೊಂಡಿವೆ. ಪಟ್ಟಿಯಲ್ಲಿ ನೋಡುವುದು ಪಾಸ್‌ಪೋರ್ಟ್ ಯಾವ ದೇಶದ್ದು ಅಂತಲ್ಲ, ಲೈಸೆನ್ಸ್ ಯಾವ ದೇಶದ್ದು ಅಂತ. ನಡುವೆ ಎಲ್ಲೋ ನಾಲ್ಕು ವರ್ಷ ಕೆಲಸ ಮಾಡಿ ಅಲ್ಲೇ ಟೆಸ್ಟ್ ಕೊಟ್ಟು ತೆಗೆದುಕೊಂಡ ಲೈಸೆನ್ಸ್ ನಿಮ್ಮ ಬಳಿ ಇದ್ದರೆ ಅದು ಈಗ ದೊಡ್ಡ ಆಸ್ತಿ. ಆದರೆ ಅದೂ ಬದಲಾವಣೆಯಲ್ಲೇ ಸಿಕ್ಕಿದ್ದಾದರೆ, ಮೂಲ ಟೆಸ್ಟ್ ಎಲ್ಲಿ ಪಾಸಾದಿರಿ ಅಂತ ಕೇಳುತ್ತಾರೆ. ಯುರೋಪಿಯನ್ ಒಕ್ಕೂಟದ ಲೈಸೆನ್ಸುಗಳಲ್ಲಿ ಇದು ಮುಚ್ಚಿಡಲು ಆಗುವ ವಿಷಯವೂ ಅಲ್ಲ: ಒಕ್ಕೂಟದ ಹೊರಗಿನ ಲೈಸೆನ್ಸ್ ಕೊಟ್ಟು ಪಡೆದದ್ದಾದರೆ ಕಾರ್ಡಿನ ಹಿಂಬದಿ 70 ಅನ್ನುವ ಕೋಡ್ ಇರುತ್ತದೆ, ಮುಂದೆ ಒಕ್ಕೂಟದ ಇನ್ನೊಂದು ದೇಶಕ್ಕೆ ಮನೆ ಬದಲಾಯಿಸಿದರೆ ಆ ದೇಶ ಅದನ್ನು ಒಪ್ಪಲೇಬೇಕು ಅಂತಿಲ್ಲ.

ಟೆಸ್ಟ್ ಕೊಡಲೇಬೇಕಾದರೂ ಎಲ್ಲರಿಗೂ ಮೊದಲಿನಿಂದ ಅಲ್ಲ. ಜರ್ಮನಿಯಲ್ಲಿ ಪಟ್ಟಿಯ ಹೊರಗಿನ ಲೈಸೆನ್ಸ್ ಇರುವವರು ಥಿಯರಿ, ಪ್ರಾಕ್ಟಿಕಲ್ ಎರಡೂ ಬರೆಯಬೇಕು, ಓಡಿಸಬೇಕು, ಆದರೆ ಹೊಸಬರಿಗೆ ಇರುವ ಕಡ್ಡಾಯ ಕ್ಲಾಸುಗಳು ಅವರಿಗಿಲ್ಲ. ಸಿಂಗಪುರದಲ್ಲಿ ಕಾರಿನ ಲೈಸೆನ್ಸಿಗೆ ಬೇಸಿಕ್ ಥಿಯರಿ ಪಾಸಾದರೆ ಸಾಕು, ಓಡಿಸಿ ತೋರಿಸಬೇಕಿಲ್ಲ. ಒಂಟಾರಿಯೊದಲ್ಲಿ ಹಳೆಯ ಅನುಭವವನ್ನು ಲೆಕ್ಕಕ್ಕೆ ಹಿಡಿದು ರಸ್ತೆ ಟೆಸ್ಟಿಗೆ ಕಾಯುವ ಅವಧಿಯನ್ನು ಕಡಿಮೆ ಮಾಡುತ್ತಾರೆ. ಎಲ್ಲ ಕಡೆಯೂ ಷರತ್ತು ಒಂದೇ, ಅನುಭವಕ್ಕೆ ದಾಖಲೆ ಇರಬೇಕು.

ಇಲ್ಲಿ ಸಿಕ್ಕಿಹಾಕಿಕೊಳ್ಳುವವರೇ ಜಾಸ್ತಿ. ಲೈಸೆನ್ಸ್ ನವೀಕರಣವಾದಾಗ ಹೊಸ ಕಾರ್ಡಿನಲ್ಲಿ ಹೊಸ ತಾರೀಕು ಮಾತ್ರ ಉಳಿದಿದ್ದರೆ, ಇಪ್ಪತ್ತು ವರ್ಷ ಓಡಿಸಿದವರೂ ಕಚೇರಿಯ ಕಣ್ಣಿಗೆ ಆರು ತಿಂಗಳ ಕೂಸು. ಊರು ಬಿಡುವ ಮುಂಚೆಯೇ ಲೈಸೆನ್ಸ್ ಕೊಟ್ಟ ಕಚೇರಿಯಿಂದ ಮೊದಲು ಕೊಟ್ಟ ದಿನ, ಯಾವ ಯಾವ ವಾಹನಕ್ಕೆ ಕೊಟ್ಟಿದ್ದು, ಈಗಲೂ ಚಾಲ್ತಿಯಲ್ಲಿದೆ ಅನ್ನುವ ಪತ್ರ ಬರೆಸಿಕೊಳ್ಳಿ. ಆಮೇಲೆ ಸಾವಿರಾರು ಮೈಲಿ ದೂರದಿಂದ ಅದನ್ನು ತರಿಸುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಹೆಸರನ್ನೂ ನೋಡಿಕೊಳ್ಳಿ. ಲೈಸೆನ್ಸಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಉದ್ದದ ಹೆಸರು ಇದ್ದರೆ, ಇಬ್ಬರೂ ಒಬ್ಬರೇ ಅಂತ ಕೌಂಟರಿನವರು ತಾವಾಗಿ ಒಪ್ಪುವುದಿಲ್ಲ, ಅವರ ತಪ್ಪೂ ಅಲ್ಲ ಅದು. ಜಪಾನಿನಲ್ಲಂತೂ ಹಳೆಯ ಲೈಸೆನ್ಸ್ ಸಿಕ್ಕ ಮೇಲೆ ಅದನ್ನು ಕೊಟ್ಟ ದೇಶದಲ್ಲಿ ಒಟ್ಟು ಮೂರು ತಿಂಗಳಾದರೂ ಇದ್ದಿರಿ ಅಂತ ತೋರಿಸಬೇಕು, ಅದಕ್ಕೆ ಪಾಸ್‌ಪೋರ್ಟಿನ ಸೀಲುಗಳನ್ನು ಎಣಿಸುತ್ತಾರೆ. ವಿಮಾನ ನಿಲ್ದಾಣದ ಆಟೋಮ್ಯಾಟಿಕ್ ಗೇಟಿನಲ್ಲಿ ಸರಕ್ಕನೆ ದಾಟಿ ಬಂದವರ ಪಾಸ್‌ಪೋರ್ಟಿನಲ್ಲಿ ಸೀಲೇ ಇರುವುದಿಲ್ಲ. ಹಳೆಯ ಪಾಸ್‌ಪೋರ್ಟನ್ನು ಎಸೆಯಬೇಡಿ ಅಂತ ನಾನು ಗೋಗರೆಯುವುದು ಇದಕ್ಕೇ.

ಥಿಯರಿ ಬಗ್ಗೆ ಜಾಸ್ತಿ ಹೇಳಲ್ಲ. ಓದಿದರೆ ಪಾಸು, ಓದದಿದ್ದರೆ ಫೇಲು. ಬ್ರಿಟನ್‌ನಲ್ಲಿ 50ಕ್ಕೆ 43 ಸರಿಯಾಗಬೇಕು, ಜೊತೆಗೆ ವಿಡಿಯೊ ನೋಡಿ ಅಪಾಯ ಗುರುತಿಸುವ ಭಾಗ ಬೇರೆ, ಅದರಲ್ಲಿ ಸುಮ್ನೆ ಕ್ಲಿಕ್ ಮಾಡುತ್ತಾ ಹೋದರೆ ಆ ವಿಡಿಯೊಗೆ ಸೊನ್ನೆ. ಜರ್ಮನಿಯಲ್ಲಿ 30 ಪ್ರಶ್ನೆ, ತಪ್ಪಿನ ಅಂಕ ಹತ್ತು ಮೀರಬಾರದು, ಐದಂಕದ ಪ್ರಶ್ನೆ ಎರಡು ತಪ್ಪಿದರೂ ಮುಗಿಯಿತು. ಜಪಾನ್ ಮೊದಲು ಹತ್ತೇ ಪ್ರಶ್ನೆ ಕೇಳುತ್ತಿತ್ತು, 2025ರ ಅಕ್ಟೋಬರ್‌ನಿಂದ ಅದನ್ನು 50 ಮಾಡಿ 45 ಸರಿ ಇರಲೇಬೇಕು ಅಂದಿದೆ. ಹಳೆಯ ವಿಡಿಯೊ ನೋಡಿಕೊಂಡು ಧೈರ್ಯವಾಗಿ ಹೋಗಬೇಡಿ.

ಈಗ ನಿಜವಾದ ವಿಷಯಕ್ಕೆ ಬರೋಣ, ಪ್ರಾಕ್ಟಿಕಲ್. ಅನುಭವ ಇರುವವರು ಕಣ್ಣಂಚಿನಲ್ಲೇ ಎಲ್ಲ ನೋಡುತ್ತಾರೆ. ಕನ್ನಡಿ ನೋಡಿದ್ದಾರೆ, ಪಕ್ಕದ ಸೈಕಲ್ ನೋಡಿದ್ದಾರೆ, ಮುಂದಿನ ಸಿಗ್ನಲ್ ಹಳದಿ ಆಗುತ್ತೆ ಅಂತಲೂ ಗೊತ್ತಾಗಿದೆ, ಆದರೆ ಕತ್ತು ಅಲ್ಲಾಡಿಲ್ಲ. ಪಕ್ಕದಲ್ಲಿ ಕೂತ ಪರೀಕ್ಷಕರಿಗೆ ನಿಮ್ಮ ತಲೆಯೊಳಗೆ ಏನಿದೆ ಅಂತ ಹೇಗೆ ಗೊತ್ತಾಗಬೇಕು? ಅವರು ನೋಡಲಿಲ್ಲ ಅಂತ ಬರೆದುಕೊಳ್ಳುತ್ತಾರೆ. ಲೇನ್ ಬದಲಿಸುವಾಗ, ತಿರುಗುವಾಗ, ರಸ್ತೆ ಬದಿಯಿಂದ ಹೊರಡುವಾಗ ಮೊದಲು ಕನ್ನಡಿ, ಆಮೇಲೆ ಇಂಡಿಕೇಟರ್, ಆಮೇಲೆ ಭುಜದ ಮೇಲಿಂದ ಒಮ್ಮೆ ಹಿಂದಕ್ಕೆ ನೋಟ. ಕನ್ನಡಿಗೆ ಕಾಣದ ಜಾಗ ಅದೇ. ಇದನ್ನು ನಾಟಕದ ಪಾತ್ರದ ಹಾಗೆ ಸ್ವಲ್ಪ ಎದ್ದು ಕಾಣುವಂತೆಯೇ ಮಾಡಿ ಅನ್ನುತ್ತೇನೆ ನಾನು. ನಾಚಿಕೆ ಪಡುವವರಿಗೆ ಒಂದು ಅಭ್ಯಾಸ ಕೊಡುತ್ತೇನೆ: ಓಡಿಸುತ್ತಾ ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. "ಬಲಕ್ಕೆ ಸಣ್ಣ ರಸ್ತೆ ಇದೆ, ಬಸ್ಸಿನ ಹಿಂದೆ ಯಾರಾದರೂ ಇರಬಹುದು, ನಿಧಾನ ಮಾಡ್ತೀನಿ." ಯಾವ ಭಾಷೆಯಲ್ಲಾದರೂ ಸರಿ. ಕೆಲವೇ ದಿನಕ್ಕೆ ಬಾಯಿಯ ಜೊತೆ ಕತ್ತೂ ತಿರುಗುವುದನ್ನು ಕಲಿಯುತ್ತದೆ.

ಎರಡನೆಯದು ನಿಲ್ಲುವುದು. ಸ್ಟಾಪ್ ಬೋರ್ಡ್ ಇದ್ದಲ್ಲಿ ಚಕ್ರ ಪೂರ್ತಿ ನಿಲ್ಲಬೇಕು, ಗೆರೆಗಿಂತ ಹಿಂದೆಯೇ ನಿಲ್ಲಬೇಕು. ನಿಧಾನವಾಗಿ ಉರುಳುತ್ತಾ ಎರಡೂ ಕಡೆ ನೋಡಿ ಹೋಗುವುದು ಲೆಕ್ಕಕ್ಕಿಲ್ಲ. ಗೆರೆಯ ಹಿಂದೆ ನಿಂತರೆ ರಸ್ತೆ ಕಾಣಲ್ಲ ಅಂತ ವಾದ ಮಾಡುತ್ತಾರೆ, ನಿಜ, ಆಗ ಮೊದಲು ನಿಂತು, ಆಮೇಲೆ ಮೆಲ್ಲಗೆ ಮುಂದೆ ಬಂದು ಮತ್ತೆ ನೋಡಬೇಕು. ಜಪಾನಿನಲ್ಲಿ ರೈಲ್ವೆ ಕ್ರಾಸಿಂಗಿನಲ್ಲಿ ಗೇಟ್ ತೆರೆದಿದ್ದರೂ ನಿಲ್ಲಲೇಬೇಕು. ಅಮೆರಿಕದಲ್ಲಿ ಕೆಂಪು ದೀಪ ಮಿನುಗಿಸುತ್ತಾ ನಿಂತ ಸ್ಕೂಲ್ ಬಸ್ಸನ್ನು ದಾಟಿದರೆ ಟೆಸ್ಟ್ ಅಲ್ಲಿಗೇ ಮುಗಿಯಿತು.

ಮೂರನೆಯದು, ಯಾರಿಗೆ ಮೊದಲ ಹಕ್ಕು ಅನ್ನುವುದು. ಜಾಗ ಸಿಕ್ಕಿದಾಗ ಮೂತಿ ತೂರಿಸಿ ಅಭ್ಯಾಸ ಇರುವವರಿಗೆ ಇದು ಕಷ್ಟ, ವಿಪರೀತ ಬಿಟ್ಟುಕೊಡುವವರಿಗೂ ಕಷ್ಟ. ಜರ್ಮನಿಯಲ್ಲಿ ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಆ ರಸ್ತೆ ಗಲ್ಲಿಯಂತೆ ಕಂಡರೂ ಸರಿ. ದೊಡ್ಡ ರಸ್ತೆಯಲ್ಲಿದ್ದೇನೆ, ನಾನೇ ಮೊದಲು ಅಂದುಕೊಂಡು ಹೋದವರೆಲ್ಲ ಮತ್ತೆ ಫೀಸ್ ಕಟ್ಟುತ್ತಾರೆ. ಬ್ರಿಟನ್‌ನಲ್ಲಿ ರೌಂಡ್ ಅಬೌಟಿನ ಮುಂದೆ ಬಲದಿಂದ ಬರುವವರಿಗೆ ದಾರಿ ಬಿಡಬೇಕು. ಆದರೆ ರಸ್ತೆ ಖಾಲಿ ಇದ್ದರೂ ಭಯದಿಂದ ನಿಂತುಬಿಟ್ಟರೆ ಅದನ್ನೂ ತಪ್ಪು ಅಂತ ಗುರುತು ಹಾಕುತ್ತಾರೆ. ಅಲ್ಲಿ ಸಣ್ಣ ತಪ್ಪು 15ರವರೆಗೆ ನಡೆಯುತ್ತದೆ, ಗಂಭೀರ ತಪ್ಪು ಒಂದೂ ನಡೆಯುವುದಿಲ್ಲ. ಟೆಸ್ಟಿಗೆ ಅಂತ 50ರ ರಸ್ತೆಯಲ್ಲಿ 30ರಲ್ಲಿ ಹೋಗುವವರಿಗೂ ಇದೇ ಮಾತು.

ರಸ್ತೆಯ ಬದಿ ಬದಲಾಗುವ ಭಯ ಎಲ್ಲರಿಗೂ ಇರುತ್ತದೆ. ವಾಹನಗಳಿದ್ದಾಗ ಅವುಗಳ ಹಿಂದೆ ಹೋಗುತ್ತೀರಿ, ತೊಂದರೆಯಿಲ್ಲ. ಎಡವಟ್ಟಾಗುವುದು ಖಾಲಿ ರಸ್ತೆಗೆ ತಿರುಗುವಾಗ, ಪೆಟ್ರೋಲ್ ಬಂಕಿನಿಂದ ಹೊರಗೆ ಬರುವಾಗ. ಚಾಲಕರ ಸೀಟು ಯಾವಾಗಲೂ ರಸ್ತೆಯ ನಡುಗೆರೆಯ ಕಡೆಗಿರಬೇಕು ಅನ್ನುವುದೊಂದು ನೆನಪಿದ್ದರೆ ಸಾಕು.

ಎಷ್ಟು ಕ್ಲಾಸ್ ಬೇಕು ಅಂತ ಕೇಳುತ್ತಾರೆ. ಟೆಸ್ಟ್ ನಡೆಯುವ ಏರಿಯಾದಲ್ಲೇ ಓಡಾಡುವ ಸ್ಥಳೀಯ ಇನ್‌ಸ್ಟ್ರಕ್ಟರ್ ಜೊತೆ ಮೊದಲು ಒಂದು ಅಣಕು ಟೆಸ್ಟ್ ಮಾಡಿ, ತಪ್ಪು ಎಣಿಸಿ, ಆಮೇಲೆ ನಿರ್ಧರಿಸಿ. ಮೊದಲೇ ಇಪ್ಪತ್ತು ಕ್ಲಾಸಿನ ಪ್ಯಾಕೇಜ್ ಮಾರುವವರ ಹತ್ತಿರ ಹೋಗಬೇಡಿ, ನನ್ನ ಕಸುಬಿನವರೇ ಆದರೂ ಹೇಳುತ್ತೇನೆ.

ಗೇರ್ ವಿಷಯವನ್ನು ಮೊದಲೇ ಯೋಚಿಸಿ. ಬ್ರಿಟನ್, ಜಪಾನ್‌ನಂಥ ಕಡೆ ಆಟೋಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಕೊಟ್ಟರೆ ಆಟೋಮ್ಯಾಟಿಕ್ಕಿಗೆ ಮಾತ್ರ ಲೈಸೆನ್ಸ್. ಮುಂದೆ ಗೇರ್ ಇರುವ ಕಾರು ಓಡಿಸುವ ಆಸೆ ಇಲ್ಲದಿದ್ದರೆ ಅದರಲ್ಲೇ ಮುಗಿಸಿ, ಒಂದು ತಲೆನೋವು ಕಡಿಮೆ.

ಹೊಸ ಕಾರ್ಡ್ ಕೊಡುವಾಗ ಹಳೆಯದನ್ನು ಇಟ್ಟುಕೊಳ್ಳುವ ಕಚೇರಿಗಳಿವೆ, ಬದಲಾವಣೆಯಲ್ಲಂತೂ ಸಾಮಾನ್ಯವಾಗಿ ಇಟ್ಟುಕೊಳ್ಳುತ್ತಾರೆ. ಕೊಡುವ ಮೊದಲು ಎರಡೂ ಬದಿಯ ಬಣ್ಣದ ನಕಲು ತೆಗೆದಿಡಿ. ಹಳೆಯ ಇನ್ಶೂರೆನ್ಸ್ ಕಂಪನಿಯಿಂದ ಇಷ್ಟು ವರ್ಷ ಕ್ಲೇಮ್ ಮಾಡಿಲ್ಲ ಅನ್ನುವ ಪತ್ರವನ್ನೂ ತರಿಸಿ. ಹೊಸ ಲೈಸೆನ್ಸಿನ ತಾರೀಕು ನೋಡಿ ನಿಮ್ಮನ್ನು ಹೊಸಬರ ಸಾಲಿಗೆ ಸೇರಿಸಿ ಪ್ರೀಮಿಯಂ ಹಾಕುವವರು ತುಂಬಾ ಇದ್ದಾರೆ. ಆ ಪತ್ರವನ್ನು ಎಲ್ಲ ಕಂಪನಿಯವರೂ ಒಪ್ಪುವುದಿಲ್ಲ, ಒಪ್ಪುವವರು ಸಿಗುವವರೆಗೆ ಮೂರ್ನಾಲ್ಕು ಕಡೆ ಕೇಳಿ.