ಚರಂಡಿಗೊಬ್ಬ ದಾನಿ ಸಿಗಲಿಲ್ಲ

ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ತರಬೇತಿ ಮೈದಾನ ಮಾಡಿಸುತ್ತೇವೆ ಎಂದು ಹಳೆ ವಿದ್ಯಾರ್ಥಿಗಳು ಫೋನ್ ಮಾಡುವ ಹೊತ್ತಿಗೆ ಜಿಮ್ಮಿಗೆ ಒಬ್ಬರು, ಫ್ಲಡ್‌ಲೈಟಿಗೆ ದುಬೈಯಲ್ಲಿರುವ ಇನ್ನೊಬ್ಬರು, ತಂದೆಯ ಹೆಸರಿನಲ್ಲಿ ಗ್ಯಾಲರಿಗೆ ಮತ್ತೊಬ್ಬರು ನಿಶ್ಚಯವಾಗಿರುತ್ತಾರೆ. ನನ್ನ ಎಸ್ಟಿಮೇಟಿನ ಚರಂಡಿಗೆ ಮಾತ್ರ ಯಾರೂ ಇಲ್ಲ. ‘ಅದು ಎರಡನೇ ಹಂತದಲ್ಲಿ ನೋಡುವ ಸಾರ್.’

ಟರ್ಫ್, ಅಂದರೆ ಕೃತಕ ಹುಲ್ಲು, ಹಾಸಿದ ಮೇಲೆ ಅಡಿಯಲ್ಲಿ ಪೈಪು ಹೂಳಬೇಕಾದರೆ ಟರ್ಫನ್ನೇ ಕೀಳಬೇಕು, ಮಾರಾಯ್ರೆ.

ಲೆಕ್ಕ ನೋಡಿ. 105 ಮೀಟರ್ ಉದ್ದ, 68 ಮೀಟರ್ ಅಗಲ ಎಂದರೆ 7,140 ಚದರ ಮೀಟರ್. ಒಂದು ಮಿಲಿಮೀಟರ್ ಮಳೆಗೆ 7,140 ಲೀಟರ್ ನೀರು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಕಾಸರಗೋಡಿನಲ್ಲಿ ಒಂದೇ ದಿನ 100 ಮಿಲಿಮೀಟರ್ ಸುರಿದರೆ ಯಾರೂ ಬೆರಗಾಗುವುದಿಲ್ಲ. ಆ ದಿನ ನಿಮ್ಮ ಮೈದಾನಕ್ಕೆ 12,000 ಲೀಟರಿನ ಸುಮಾರು 60 ಟ್ಯಾಂಕರ್ ನೀರು ಬಂದ ಹಾಗೆ.

‘ಪದವಿನ ಜಾಗ, ಮುರಕಲ್ಲು, ನೀರು ನಿಲ್ಲುವುದಿಲ್ಲ’ ಎಂಬುದು ಖಾಯಂ ಉತ್ತರ. ಪದವು ಎಂದರೆ ಗುಡ್ಡದ ಮೇಲಿನ ಮುರಕಲ್ಲಿನ (ಕೆಂಪು ಕಲ್ಲಿನ) ಬಯಲು. ಪದವು ಪದವಾಗಿದ್ದಾಗ ನಿಲ್ಲುತ್ತಿರಲಿಲ್ಲ, ನಿಜ, ಅದಕ್ಕೆ ಇಳಿಜಾರಿತ್ತು. ನೀವು ಜೆಸಿಬಿ ತಂದು ಎತ್ತರದ ಬದಿ ಕಡಿದಿರಿ, ತಗ್ಗಿಗೆ ಮಣ್ಣು ತುಂಬಿದಿರಿ, ರೋಲರ್ ಓಡಿಸಿದಿರಿ. ಈಗ ಅರ್ಧ ಬರೀ ಕಲ್ಲು, ಇನ್ನರ್ಧ ವರ್ಷ ವರ್ಷ ಕುಸಿಯುವ ಮಣ್ಣು. ಎರಡೂ ಕೂಡುವಲ್ಲಿ ಕೆರೆ. ಎಲ್ಲ ಕಡೆ ಹೀಗೇ ಎನ್ನಲಾರೆ. ಗುಂಡಿ ತೋಡಿ ನೋಡದೆ ಯಾವ ಜಾಗಕ್ಕೂ ನಾನು ಮಾತು ಕೊಡುವುದಿಲ್ಲ.

ಒಂದು ಕಾಲೇಜಿನವರು ನನ್ನನ್ನು ಕರೆದದ್ದು ಎಲ್ಲ ಮುಗಿದ ಮೇಲೆ. ಮೊದಲ ಮಳೆಗೇ ಟರ್ಫಿನೊಳಗಿನ ಕಪ್ಪು ರಬ್ಬರ್ ಕಾಳು ತೇಲಿಬಂದು ಗೋಲ್‌ಪೋಸ್ಟಿನ ಹಿಂದೆ ಸಾಸಿವೆ ಚೆಲ್ಲಿದಂತೆ ಬಿದ್ದಿತ್ತು. ದೈಹಿಕ ಶಿಕ್ಷಕರು ಪ್ಯಾಂಟು ಮಡಚಿ ಹಿಡಿಸೂಡಿಯಲ್ಲಿ ಗುಡಿಸುತ್ತಿದ್ದರು. ದೊಡ್ಡ ದಾನಿಯ ತಂದೆ, ಅಡಿಕೆ ಕೃಷಿಕರು, ಕೊಡೆ ಹಿಡಿದು ಒಂದು ಸುತ್ತು ಬಂದು ಕೇಳಿದರು: ‘ಇದರ ಕಣಿ ಎಲ್ಲಿ?’ ಕಣಿ ಎಂದರೆ ತೋಟದ ನೀರು ಬಸಿದುಹೋಗುವ ಕಾಲುವೆ. ಅದು ಮುಚ್ಚಿದ ತೋಟದಲ್ಲಿ ಬೇರು ಕೊಳೆಯುವುದನ್ನು ಕಂಡವರು. ಮಗನಿಗೆ ನಾನು ಮೂರು ಮೀಟಿಂಗಿನಲ್ಲಿ ಹೇಳಿದ್ದರೂ ಇಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲವೇನೋ.

ಕಣಿಗೆ ಒಪ್ಪಿದವರೂ ಇಳಿಜಾರಿಗೆ ಒಪ್ಪುವುದಿಲ್ಲ. ಅವರಿಗೆ ಕೇರಂ ಬೋರ್ಡಿನಂಥ ಮೈದಾನ ಬೇಕು. ನೂರಕ್ಕೆ ಒಂದರಂತೆ ನಡುವಿನಿಂದ ಅಂಚಿಗೆ 34 ಸೆಂಟಿಮೀಟರ್ ತಗ್ಗಿಸಿದರೆ ಆಡುವ ಹುಡುಗರಿಗೆ ಗೊತ್ತೇ ಆಗುವುದಿಲ್ಲ, ನೀರಿಗೆ ಗೊತ್ತಾಗುತ್ತದೆ. ಆ ನೀರು ಕೊನೆಗೆ ಯಾವ ತೋಡು ಸೇರುತ್ತದೆ ಎಂದೂ ಮೊದಲೇ ಕೇಳಿಕೊಳ್ಳಿ. ಕೆಳಗಿನ ಮನೆಯವರ ತೋಟಕ್ಕೆ ಬಿಟ್ಟರೆ ಮುಂದಿನ ಪಂದ್ಯ ಕೋರ್ಟಿನಲ್ಲಿ.

ಜಾಗ ತೋರಿಸಲು ನನ್ನನ್ನು ಡಿಸೆಂಬರಿನಲ್ಲಿ ಕರೆಯಬೇಡಿ. ಜುಲೈಯಲ್ಲಿ ಕರೆಯಿರಿ, ಕೊಡೆ ನಾನೇ ತರುತ್ತೇನೆ.