ಭೇದಿಗೆ ಬೇಕಾದದ್ದು ಲಂಘನವಲ್ಲ, ಉಪ್ಪು ಹಾಕಿದ ಗಂಜಿ

ಜ್ವರ ಬಂದವರ ಮನೆಗೆ ಹೋದರೆ ಹಿರಿಯರೊಬ್ಬರ ಬಾಯಿಂದ ‘ಲಂಘನಂ ಪರಮೌಷಧಂ’, ಅಂದರೆ ಉಪವಾಸವೇ ದೊಡ್ಡ ಮದ್ದು, ಎಂಬ ಮಾತು ಬಂದೇ ಬರುತ್ತದೆ. ಜ್ವರದ ಮೊದಲ ದಿನ ಬಾಯಿರುಚಿ ಕೆಟ್ಟು ಊಟ ಬೇಡವೆನ್ನುವವರನ್ನು ಬಲವಂತಪಡಿಸಬಾರದು ಎಂಬಷ್ಟರ ಮಟ್ಟಿಗೆ ಈ ಮಾತು ಸರಿಯೇ. ಸೋಂಕಿನೊಡನೆ ಸೆಣಸುವ ರಕ್ಷಣಾ ಕೋಶಗಳು ಹೊರಸೂಸುವ ಇಂಟರ್‌ಲ್ಯೂಕಿನ್‌ನಂಥ ರಾಸಾಯನಿಕಗಳೇ ಮಿದುಳಿನ ಮೂಲಕ ಹಸಿವನ್ನು ಅಡಗಿಸುತ್ತವೆ. ನನ್ನ ಆತಂಕವಿರುವುದು, ಇದೇ ಮಾತನ್ನು ವಾಂತಿಭೇದಿಯಾದ ಮಗುವಿಗೂ ಅನ್ವಯಿಸಿ ನೀರನ್ನೂ ನಿಲ್ಲಿಸಿಬಿಡುವ ರೂಢಿಯ ಬಗ್ಗೆ.

ಕೆಲವು ವರ್ಷಗಳ ಹಿಂದೆ ನೆರೆಮನೆಯಲ್ಲಿ ಎರಡು ವರ್ಷದ ಕೂಸೊಂದು ಹೀಗೆ ಮಲಗಿದ್ದನ್ನು ಕಂಡಿದ್ದೇನೆ. ಕಣ್ಣು ಗುಳಿಬಿದ್ದಿತ್ತು, ಅಳುತ್ತಿದ್ದರೂ ಕಣ್ಣೀರಿರಲಿಲ್ಲ, ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಲ್ಲಿ ಹಿಡಿದು ಬಿಟ್ಟರೆ ಮಡಿಕೆ ಹಾಗೆಯೇ ನಿಂತು ನಿಧಾನವಾಗಿ ಇಳಿಯುತ್ತಿತ್ತು. “ಕುಡಿಸಿದಷ್ಟೂ ಹೋಗ್ತಾ ಇದೆಯಲ್ಲಪ್ಪಾ, ಅದಕ್ಕೇ ಬೆಳಗಿನಿಂದ ಏನೂ ಕೊಟ್ಟಿಲ್ಲ” ಎಂದರು ಅದರ ಅಜ್ಜಿ. ಆಸ್ಪತ್ರೆಯಲ್ಲಿ ಸಲೈನ್ ಏರಿಸಿದ ಮೇಲೆ ಮಗು ಉಳಿಯಿತು.

ಆ ಅಜ್ಜಿ ನಂಬಿದ್ದ ಪರಂಪರೆಯೂ ಹಾಗೆ ಹೇಳುವುದಿಲ್ಲ. ಲಂಘನವೆಂದರೆ ದೇಹವನ್ನು ಹಗುರಗೊಳಿಸುವುದು. ಚರಕಸಂಹಿತೆ ಅದರಲ್ಲಿ ಹತ್ತು ಬಗೆಗಳನ್ನು ಎಣಿಸುತ್ತದೆ, ಉಪವಾಸ ಅವುಗಳಲ್ಲಿ ಒಂದು ಮಾತ್ರ. ಜ್ವರದ ಆರಂಭದಲ್ಲಿ ಲಂಘನ ಮಾಡಿಸಬೇಕೆನ್ನುವ ಅದೇ ಶ್ಲೋಕ ಕ್ಷಯ, ಭಯ, ಶೋಕ, ಶ್ರಮಗಳಿಂದ ಹುಟ್ಟಿದ ಜ್ವರಗಳಿಗೆ ಅದು ಸಲ್ಲದು ಎನ್ನುತ್ತದೆ. ಮುಂದೆ ಬರುವ ಇನ್ನೊಂದು ಶ್ಲೋಕ ‘ಬಲಾಧಿಷ್ಠಾನಮಾರೋಗ್ಯಂ’, ಅಂದರೆ ಆರೋಗ್ಯ ನಿಂತಿರುವುದೇ ಬಲದ ಮೇಲೆ, ಆದ್ದರಿಂದ ಪ್ರಾಣಕ್ಕೆ ಎರವಾಗದಷ್ಟೇ ಲಂಘನವಿರಲಿ ಎಂದು ಎಚ್ಚರಿಸುತ್ತದೆ. ನಮ್ಮ ನಾಲಗೆಯ ಮೇಲೆ ಉಳಿದದ್ದು ಎರಡು ಪದ ಮಾತ್ರ.

ಕುಡಿಸಿದ್ದೆಲ್ಲ ಹೊರಟುಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಸಣ್ಣಕರುಳಿನ ಗೋಡೆಯ ಜೀವಕೋಶಗಳಲ್ಲಿ ಒಂದು ವಿಶೇಷ ಬಾಗಿಲಿದೆ. ಬ್ಯಾಂಕಿನ ಲಾಕರ್ ಎರಡು ಕೀಲಿಗಳು ಸೇರಿದಾಗಲೇ ತೆರೆಯುವಂತೆ, ಈ ಬಾಗಿಲು ಉಪ್ಪಿನಲ್ಲಿರುವ ಸೋಡಿಯಂ ಮತ್ತು ಸಕ್ಕರೆಯಿಂದ ಬರುವ ಗ್ಲೂಕೋಸ್ ಎರಡೂ ಕೂಡಿ ಬಂದಾಗಲೇ ತೆರೆಯುತ್ತದೆ. ನೊಗಕ್ಕೆ ಎರಡೂ ಎತ್ತುಗಳನ್ನು ಹೂಡದೆ ಗಾಡಿ ಹೊರಡುವುದಿಲ್ಲವಲ್ಲ, ಹಾಗೆ. ಇವು ಒಳಹೋದರೆ, ಮಳೆಗಾಲದಲ್ಲಿ ಡಬ್ಬಿಯ ಉಪ್ಪು ಗಾಳಿಯ ತೇವವನ್ನು ಸೆಳೆದು ಒದ್ದೆಯಾಗುವಂತೆ, ನೀರು ತಾನಾಗಿ ಅವುಗಳ ಬೆನ್ನು ಹತ್ತುತ್ತದೆ. ಇದರಲ್ಲಿ ನನ್ನನ್ನು ಇಂದಿಗೂ ಬೆರಗುಗೊಳಿಸುವ ಸಂಗತಿಯೆಂದರೆ, ಕಾಲರಾದ ವಿಷವು ಕರುಳಿನ ಬೇರೊಂದು ಬಾಗಿಲನ್ನು ತೆರೆದಿಟ್ಟು ನೀರನ್ನು ಹೊರಸುರಿಸುತ್ತಿರುವಾಗಲೂ ಈ ಜೋಡಿಕೀಲಿಯ ಬಾಗಿಲು ಕೆಡದೆ ಕೆಲಸ ಮಾಡುತ್ತಲೇ ಇರುತ್ತದೆ.

ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಈ ಜೋಡಿ ಸಾಗಣೆಯನ್ನು 1960ರಲ್ಲಿ ಪ್ರಾಗ್ ನಗರದಲ್ಲಿ ಮಂಡಿಸಿದರು. 1971ರ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ನಿರಾಶ್ರಿತರ ನಡುವೆ ಕಾಲರಾ ಹಬ್ಬಿ ಸಲೈನ್ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸ್, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ ರೋಗಿಗಳ ಕಡೆಯವರ ಕೈಯಿಂದಲೇ ಕುಡಿಸಿದರು. ಶೇ 30ರಷ್ಟಿದ್ದ ಸಾವಿನ ಪ್ರಮಾಣ ಶೇ 3.6ಕ್ಕೆ ಇಳಿಯಿತು. ಇಂದು ಆಶಾ ಕಾರ್ಯಕರ್ತೆಯರು ಮನೆಗೆ ತಂದುಕೊಡುವ ಓಆರ್‌ಎಸ್ ಪೊಟ್ಟಣ ಇದರದೇ ಪರಿಷ್ಕೃತ ರೂಪ.

ನಮ್ಮ ಮನೆಗಳ ಅಕ್ಕಿಗಂಜಿಯನ್ನು ನಾನು ಅಭಿಮಾನದಿಂದ ನೋಡುವುದು ಇದೇ ಕಾರಣಕ್ಕೆ. ಅನ್ನದ ಪಿಷ್ಟ ಕರುಳಿನಲ್ಲಿ ಸ್ವಲ್ಪಸ್ವಲ್ಪವಾಗಿ ಒಡೆದು ಗ್ಲೂಕೋಸ್ ಆಗುವುದರಿಂದ, ತೀರಾ ಸಿಹಿಯಾದ ತಂಪು ಪಾನೀಯಗಳಂತೆ ಅದು ನೀರನ್ನು ಕರುಳಿನೊಳಕ್ಕೆ ಎಳೆದುಕೊಂಡು ಭೇದಿಯನ್ನು ಹೆಚ್ಚಿಸುವುದಿಲ್ಲ. ಸಪ್ಪೆಗಂಜಿ ಸಾಲದು, ಉಪ್ಪಿಲ್ಲದಿದ್ದರೆ ಒಂದು ಕೀಲಿಯೇ ಇಲ್ಲದಂತೆ. ಓಆರ್‌ಎಸ್ ಸಿಗದಿದ್ದಾಗ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿದರೂ ಆದೀತು, ಆದರೆ ಉಪ್ಪು ಈ ಅಳತೆಯನ್ನು ಮೀರಬಾರದು. ಮಗು ಮಂಕಾಗಿ ಕುಡಿಯಲಾರದಂತಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕುಡಿದದ್ದನ್ನು ಕಕ್ಕಿಕೊಂಡರೆ ಹತ್ತು ನಿಮಿಷ ತಡೆದು ಮತ್ತೆ ಒಂದೊಂದೇ ಚಮಚ ಕುಡಿಸುತ್ತ ಬರಬೇಕು; ಎದೆಹಾಲನ್ನಂತೂ ಒಂದು ಹೊತ್ತೂ ತಪ್ಪಿಸಬಾರದು.