ಅನುಪಾತ ಪರೀಕ್ಷೆಯಲ್ಲಿ 1 ಬಂದರೆ ಮುಂದೇನು?

ಪ್ರಶ್ನೆ: ಅನಂತ ಶ್ರೇಣಿ ಕೊಟ್ಟಾಗಲೆಲ್ಲ ಮೊದಲು ಅನುಪಾತ ಪರೀಕ್ಷೆ ಹಾಕುತ್ತೇನೆ. ಎಷ್ಟೋ ಲೆಕ್ಕಗಳಲ್ಲಿ ಉತ್ತರ 1 ಬಂದು ದಾರಿ ಮುಚ್ಚಿಹೋಗುತ್ತದೆ. ಯಾವ ಶ್ರೇಣಿಗೆ ಯಾವ ಪರೀಕ್ಷೆ ಎಂದು ಮೊದಲೇ ಗುರುತಿಸುವುದು ಹೇಗೆ?

ಉತ್ತರ: ಅನುಪಾತ ಪರೀಕ್ಷೆಯಲ್ಲಿ ಮುಂದಿನ ಪದವನ್ನು ಹಿಂದಿನ ಪದದಿಂದ ಭಾಗಿಸುತ್ತೇವೆ. ಪದದ ಕ್ರಮಸಂಖ್ಯೆ ಎನ್ ಬೆಳೆದಂತೆ ಆ ಭಾಗಲಬ್ಧ ಹೋಗಿ ಸೇರುವ ಬೆಲೆಯೇ ಮಿತಿ. ಅದು 1ಕ್ಕಿಂತ ಕಡಿಮೆಯಾದರೆ ಶ್ರೇಣಿ ಅಭಿಸರಿಸುತ್ತದೆ (ಮೊತ್ತ ಒಂದು ನಿಶ್ಚಿತ ಸಂಖ್ಯೆಗೆ ಹೋಗುತ್ತದೆ), ಹೆಚ್ಚಾದರೆ ಅಪಸರಿಸುತ್ತದೆ (ಹಾಗೆ ಹೋಗುವುದಿಲ್ಲ), 1 ಆದರೆ ಏನೂ ತಿಳಿಯುವುದಿಲ್ಲ. ಅಂದರೆ ನಮ್ಮ ಶ್ರೇಣಿಯನ್ನು ಗುಣೋತ್ತರ ಶ್ರೇಣಿಯ (ಪ್ರತಿ ಪದವನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ ಮುಂದಿನ ಪದ ಪಡೆಯುವ ಶ್ರೇಣಿ) ಪಕ್ಕದಲ್ಲಿಟ್ಟು ಅಳೆಯುತ್ತೇವೆ. 1/ಎನ್ ಆಗಲಿ, 1/ಎನ್² ಆಗಲಿ, ಯಾವ ಗುಣೋತ್ತರ ಶ್ರೇಣಿಗಿಂತಲೂ ನಿಧಾನವಾಗಿ ಕುಗ್ಗುತ್ತವೆ. ಹಾಗಾಗಿ ಎರಡಕ್ಕೂ 1 ಬರುತ್ತದೆ. ಆದರೆ 1 + 1/2 + 1/3 + … ಅಪಸರಿಸುತ್ತದೆ, 1 + 1/4 + 1/9 + … ಅಭಿಸರಿಸುತ್ತದೆ. ಈ ಅಳತೆಗೋಲಿಗೆ ಅವುಗಳ ವ್ಯತ್ಯಾಸ ಕಾಣುವುದೇ ಇಲ್ಲ. ಪದದಲ್ಲಿ ಎನ್‌ನ ಘಾತಗಳು, ವರ್ಗಮೂಲಗಳು, ಲಾಗ್ ಮಾತ್ರ ಇದ್ದರೆ ಅನುಪಾತ ಪರೀಕ್ಷೆಯನ್ನು ಮುಟ್ಟಬೇಡಿ. ಉತ್ತರ 1 ಎಂಬುದು ಮೊದಲೇ ಖಚಿತ.

ಎಲ್ಲಕ್ಕಿಂತ ಮೊದಲು, ಪದ ಸೊನ್ನೆಗೆ ಹೋಗುತ್ತದೆಯೇ ನೋಡಿ. ಹೋಗದಿದ್ದರೆ ಶ್ರೇಣಿ ಅಪಸರಿಸಿತು, ಲೆಕ್ಕ ಮುಗಿಯಿತು. ಇದನ್ನು ಬಿಟ್ಟರೆ ಎಡವುವುದು ಹೀಗೆ: ಎನ್/(ಎನ್+1) ಎಂಬುದನ್ನು ಎನ್ ಘಾತಕ್ಕೆ ಏರಿಸಿದ ಪದವನ್ನು ಕಂಡ ಕೂಡಲೇ ಹಲವರು ಮೂಲ ಪರೀಕ್ಷೆಗೆ (ಪದದ ಎನ್‌ನೇ ಮೂಲದ ಮಿತಿಯನ್ನು 1ರೊಂದಿಗೆ ಹೋಲಿಸುವುದಕ್ಕೆ) ಕೈಹಾಕುತ್ತಾರೆ, 1 ಬಂದು ನಿಲ್ಲುತ್ತಾರೆ. ಆದರೆ ಆ ಪದ ಹೋಗುವುದು 1/ಇ (ಇ ಸುಮಾರು 2.718), ಅಂದರೆ ಸುಮಾರು 0.368ರ ಕಡೆಗೆ. ಅದು ಸೊನ್ನೆಯಲ್ಲ, ಆದ್ದರಿಂದ ಶ್ರೇಣಿ ಅಪಸರಿಸುತ್ತದೆ. ಅದೇ ಭಿನ್ನರಾಶಿಗೆ ಘಾತ ಎನ್² ಇದ್ದಿದ್ದರೆ ಎನ್‌ನೇ ಮೂಲ ತೆಗೆದಾಗ 1/ಇ ಬರುತ್ತದೆ. ಅದು 1ಕ್ಕಿಂತ ಕಡಿಮೆ, ಶ್ರೇಣಿ ಅಭಿಸರಿಸುತ್ತದೆ. ಪದ ಸೊನ್ನೆಗೆ ಹೋದ ಮಾತ್ರಕ್ಕೆ ಅಭಿಸರಣ ಸಿದ್ಧವಾಗುವುದಿಲ್ಲ ಎಂಬುದೂ ನೆನಪಿರಲಿ. 1 + 1/2 + 1/3 + … ಶ್ರೇಣಿಯ ಮೊತ್ತ 10 ದಾಟಲು 12,367 ಪದಗಳು ಬೇಕು, ಆದರೂ ಅದು ಬೆಳೆಯುತ್ತಲೇ ಇರುತ್ತದೆ.

ಎರಡನೆಯ ನೋಟವೇ ಮುಖ್ಯ: ಎನ್ ತೀರಾ ದೊಡ್ಡದಾದಾಗ ಈ ಪದ ಯಾವುದರಂತೆ ಕಾಣುತ್ತದೆ? (3ಎನ್+5)/(ಎನ್³−2ಎನ್+7) ತೆಗೆದುಕೊಳ್ಳಿ. ಮೇಲೆ 3ಎನ್, ಕೆಳಗೆ ಎನ್³ ಮಾತ್ರ ಲೆಕ್ಕಕ್ಕೆ ಉಳಿಯುತ್ತವೆ, ಆದ್ದರಿಂದ ಇದು 3/ಎನ್²ನಂತೆ. ಇದನ್ನು 1/ಎನ್²ನಿಂದ ಭಾಗಿಸಿದರೆ ಮಿತಿ 3. ಮಿತಿ ಸೊನ್ನೆಯಲ್ಲದ ಧನ ಸಂಖ್ಯೆಯಾದರೆ ಎರಡೂ ಶ್ರೇಣಿಗಳ ಹಣೆಬರಹ ಒಂದೇ. ಇದೇ ಮಿತಿ ಹೋಲಿಕೆ ಪರೀಕ್ಷೆ. 1/ಎನ್‌ನ ಘಾತ 1ಕ್ಕಿಂತ ಹೆಚ್ಚಿದ್ದರೆ ಅಭಿಸರಣ, 1 ಅಥವಾ ಕಡಿಮೆಯಿದ್ದರೆ ಅಪಸರಣ. ನೇರ ಹೋಲಿಕೆಗಿಂತ ಇದನ್ನೇ ರೂಢಿಸಿಕೊಳ್ಳಿ, ಏಕೆಂದರೆ ನೇರ ಹೋಲಿಕೆಯಲ್ಲಿ ಅಸಮತೆ ಆಗಾಗ ತಪ್ಪು ದಿಕ್ಕಿಗೆ ತಿರುಗುತ್ತದೆ. ಅಭಿಸರಿಸುವ ಶ್ರೇಣಿಗಿಂತ ನಮ್ಮದು ದೊಡ್ಡದು ಎಂದು ತೋರಿಸಿದರೆ ಏನನ್ನೂ ಸಾಧಿಸಿದಂತಾಗುವುದಿಲ್ಲ. ಸೈನ್(1/ಎನ್) ಇದ್ದರೂ ಇದೇ ದಾರಿ: ಅದು 1/ಎನ್‌ನಂತೆ, ಅಪಸರಣ. 1−ಕೊಸೈನ್(1/ಎನ್) ಮಾತ್ರ 1/(2ಎನ್²)ನಂತೆ, ಅಭಿಸರಣ.

ಫ್ಯಾಕ್ಟೋರಿಯಲ್ ಅಥವಾ 2ರ ಘಾತ ಎನ್‌ನಂಥವು ಕಂಡರೆ ಅನುಪಾತ ಪರೀಕ್ಷೆ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎನ್ ಫ್ಯಾಕ್ಟೋರಿಯಲ್ ಅನ್ನು ಎನ್‌ನ ಎನ್‌ನೇ ಘಾತದಿಂದ ಭಾಗಿಸಿದ ಪದಕ್ಕೆ ಅನುಪಾತದ ಮಿತಿ 1/ಇ, ಅಭಿಸರಣ. ಅದನ್ನು 2ರ ಎನ್‌ನೇ ಘಾತದಿಂದ ಗುಣಿಸಿದರೆ 2/ಇ, ಸುಮಾರು 0.736, ಇನ್ನೂ ಅಭಿಸರಣ. 3ರ ಎನ್‌ನೇ ಘಾತದಿಂದ ಗುಣಿಸಿದರೆ 3/ಇ, ಸುಮಾರು 1.104, ಅಪಸರಣ.

ಲಾಗ್ ಸೇರಿಕೊಂಡಾಗ ಅನುಕಲನ ಪರೀಕ್ಷೆ, ಅಂದರೆ ಮೊತ್ತದ ಬದಲು ಅದೇ ಪದದ ಅನುಕಲನ ಅಭಿಸರಿಸುತ್ತದೆಯೇ ಎಂದು ನೋಡುವುದು. ಪದ ಧನವಾಗಿರಬೇಕು, ಇಳಿಯುತ್ತಿರಬೇಕು. 2ರಿಂದ ಶುರುವಾಗುವ 1/(ಎನ್ ಲಾಗ್ ಎನ್) ಅಪಸರಿಸುತ್ತದೆ. ಲಾಗ್‌ಗೆ ವರ್ಗ ಹಾಕಿದರೆ ಅಭಿಸರಿಸುತ್ತದೆ.

ಚಿಹ್ನೆ ಬದಲಾಗುವ ಶ್ರೇಣಿಯಾದರೆ ಮೊದಲು ಚಿಹ್ನೆ ತೆಗೆದು ಪರೀಕ್ಷಿಸಿ. ಹಾಗೆ ಅಭಿಸರಿಸಿದರೆ ಮೂಲ ಶ್ರೇಣಿಯೂ ಅಭಿಸರಿಸುತ್ತದೆ. ಇಲ್ಲವಾದರೆ, ಪ್ಲಸ್ ಮೈನಸ್ ಒಂದಾದಮೇಲೊಂದು ಬರುವಾಗ ಲೈಬ್ನಿಟ್ಸ್ ಪರೀಕ್ಷೆ: ಚಿಹ್ನೆ ಬಿಟ್ಟ ಪದ ಏರದೆ ಇಳಿಯುತ್ತ ಸೊನ್ನೆಗೆ ಹೋಗಬೇಕು. ಇಳಿಯಬೇಕೆಂಬ ಈ ಷರತ್ತನ್ನೇ ಹೆಚ್ಚಿನವರು ಪರಿಶೀಲಿಸುವುದಿಲ್ಲ. ಎನ್ 2ರಿಂದ ಶುರುವಾಗಲಿ; ಅಂಶದಲ್ಲಿ (−1)ರ ಎನ್‌ನೇ ಘಾತ, ಛೇದದಲ್ಲಿ √ಎನ್ ಜೊತೆಗೆ ಅದೇ (−1)ರ ಎನ್‌ನೇ ಘಾತ ಕೂಡಿದೆ ಎನ್ನಿ. ಪದ ಸೊನ್ನೆಗೆ ಹೋಗುತ್ತದೆ, ಚಿಹ್ನೆಯೂ ಬದಲಾಗುತ್ತದೆ, ಆದರೆ ಅದರ ಗಾತ್ರ ಏರಿಳಿಯುತ್ತಿರುತ್ತದೆ. ಛೇದವನ್ನು ಸರಳಗೊಳಿಸಿದರೆ ಎರಡು ತುಂಡುಗಳಾಗುತ್ತವೆ: ಚಿಹ್ನೆ ಬದಲಾಗುವ √ಎನ್/(ಎನ್−1), ಅದರಿಂದ ಕಳೆಯಬೇಕಾದ 1/(ಎನ್−1). ಮೊದಲನೆಯದು ಅಭಿಸರಿಸುತ್ತದೆ, ಎರಡನೆಯದು ಅಪಸರಿಸುತ್ತದೆ, ಹಾಗಾಗಿ ಇಡೀ ಶ್ರೇಣಿ ಅಪಸರಿಸುತ್ತದೆ. ಇದನ್ನು ಚಿಹ್ನೆ ಬದಲಾಗುವ 1/√ಎನ್ ಜೊತೆ ಮಿತಿ ಹೋಲಿಕೆ ಮಾಡಿದರೆ 1 ಬರುತ್ತದೆ, ಆ ಶ್ರೇಣಿಯಾದರೋ ಅಭಿಸರಿಸುವಂಥದ್ದು. ಮಿತಿ ಹೋಲಿಕೆಯನ್ನು ಧನ ಪದಗಳಿಗೆ ಮಾತ್ರ ಬಳಸಬೇಕು ಎನ್ನುವುದು ಈ ಕಾರಣಕ್ಕೇ.